ಸಿಡುಕು ನಾಯಿಗೆ ಸಂಯಮದ ಪಾಠ

ಸಂಜೆಯ ಹೊತ್ತು ಡೊಂಬಿವಲಿಯ ಯಾವುದೋ ಒಂದು ಹೌಸಿಂಗ್ ಸೊಸೈಟಿಯಲ್ಲಿ ಲಿಫ್ಟಿನ ಬಾಗಿಲು ತೆರೆದುಕೊಳ್ಳುತ್ತದೆ. ಒಳಗೆ ತರಕಾರಿಯ ಚೀಲ ಹಿಡಿದ ವೃದ್ಧೆಯೊಬ್ಬರು. ಹೊರಗೆ ಹಗ್ಗದ ಕೊನೆಯಲ್ಲಿ ಎರಡು ವರ್ಷದ ನಾಯಿ. ಕಣ್ಣು ಮಿಟುಕಿಸುವಷ್ಟರಲ್ಲಿ ನಾಯಿಯು ಮುಂಗಾಲೆತ್ತಿ ಎಗರಿ ಬೊಗಳುತ್ತದೆ. ಚೀಲ ಕೆಳಗೆ ಬಿದ್ದು ಟೊಮೆಟೊ ಉರುಳುತ್ತವೆ. ಯಾರಿಗೂ ಗಾಯವಾಗಿಲ್ಲ, ಆದರೆ ಮರುದಿನ ಸೊಸೈಟಿಯ ಕಚೇರಿಯಲ್ಲಿ ಒಂದು ದೂರು ದಾಖಲಾಗುತ್ತದೆ. ಮನೆಯೊಳಗೆ ಮಕ್ಕಳ ತೊಡೆಯ ಮೇಲೆ ತಲೆಯಿಟ್ಟು ಮಲಗುವ ಪ್ರಾಣಿಯು ಹೊಸ್ತಿಲು ದಾಟಿದೊಡನೆ ಹೀಗೇಕೆ ಮಾರ್ಪಡುತ್ತದೆಂಬುದು ಮನೆಯವರಿಗೆ ತಿಳಿಯದು. ಎರಡು ಮೂರು ದೂರುಗಳಾದ ಮೇಲೆ ಊಟದ ಹೊತ್ತಿನಲ್ಲಿ ಮೆಲುದನಿಯ ಮಾತು ಆರಂಭವಾಗುತ್ತದೆ: ಊರಿಗೆ ಕಳುಹಿಸೋಣವೇ, ಯಾರಿಗಾದರೂ ಕೊಟ್ಟುಬಿಡೋಣವೇ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಎದ್ದಿದೆ. ಇದಕ್ಕೆ ಉತ್ತರವನ್ನು ನಾಯಿಯ ದುಷ್ಟತನದಲ್ಲಿ ಹುಡುಕಿದರೆ ದೊರೆಯದು. ನಾಯಿಯ ಮನಸ್ಸು ಕೆಲಸ ಮಾಡುವ ರೀತಿಯನ್ನು ಅರಿತು, ಕೆಲವು ತಿಂಗಳು ತಾಳ್ಮೆಯಿಂದ ಕಲಿಸಿದರೆ ಬಹುಪಾಲು ನಾಯಿಗಳು ಸುಧಾರಿಸುತ್ತವೆ.

ಅಂಗಳದಿಂದ ಅಂತಸ್ತಿಗೆ

ಕನ್ನಡ ನಾಡಿಗೂ ನಾಯಿಗೂ ಇರುವ ನಂಟು ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. ೯೪೯-೫೦ರ ಶಾಸನವು ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಬೂತುಗನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಆತ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಮಡಿದಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ ದತ್ತಿ ಬಿಡಲಾಯಿತು. ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆಯು ೨೦೦೫ರಲ್ಲಿ ಹೊರತಂದಿತು.

ಆದರೆ ಊರಿನ ನಾಯಿಯ ಬಾಳು ಬೇರೆ, ನಗರದ ನಾಯಿಯ ಬಾಳು ಬೇರೆ. ಊರಿನಲ್ಲಿ ಅಂಗಳ, ತೋಟ, ಗದ್ದೆಯ ಬದು ಇವೆಲ್ಲ ನಾಯಿಯ ಸಂಚಾರದ ನೆಲೆ. ಅಪರಿಚಿತ ನಾಯಿ ಬಂದರೆ ದೂರದಿಂದಲೇ ಮೂಸಿ, ಬೇಕೆನಿಸಿದರೆ ಹತ್ತಿರ ಹೋಗಿ, ಬೇಡವೆನಿಸಿದರೆ ಬಾಲ ಮುದುಡಿ ಹಟ್ಟಿಯ ಹಿಂದೆ ಸರಿದುಬಿಡಬಹುದು. ಎಷ್ಟು ದೂರದಲ್ಲಿರಬೇಕೆಂಬುದನ್ನು ನಿರ್ಧರಿಸುವ ಸ್ವಾತಂತ್ರ್ಯ ಅದಕ್ಕುಂಟು. ಏಳನೆಯ ಅಂತಸ್ತಿನ ಎರಡು ಕೋಣೆಗಳ ಮನೆಯಲ್ಲಿ ಬೆಳೆದ ನಾಯಿಗೆ ಈ ಸ್ವಾತಂತ್ರ್ಯವಿಲ್ಲ. ಲಿಫ್ಟು, ಮೆಟ್ಟಿಲು, ವಾಹನ ನಿಲ್ಲಿಸುವ ಇಕ್ಕಟ್ಟಾದ ಜಾಗ, ಗೇಟಿನ ಹೊರಗೆ ತಮ್ಮ ಗಡಿಯನ್ನು ಕಾಯುವ ಬೀದಿನಾಯಿಗಳು, ಇವೆಲ್ಲವನ್ನೂ ಅದು ಕೊರಳಿಗೆ ಬಿಗಿದ ಹಗ್ಗದೊಡನೆ ಎದುರಿಸಬೇಕು. ಓಡಿಹೋಗಲು ದಾರಿಯಿಲ್ಲದ ಪ್ರಾಣಿಗೆ ಉಳಿದಿರುವ ಉಪಾಯವೆಂದರೆ ಗದ್ದಲ ಮಾಡಿ ಎದುರಿರುವುದನ್ನು ದೂರ ಓಡಿಸುವುದು.

ಸಿಡುಕು ಎಂದರೇನು?

ಇನ್ನೊಂದು ನಾಯಿ, ಅಪರಿಚಿತ ವ್ಯಕ್ತಿ, ಸೈಕಲ್ ಅಥವಾ ಓಡುವ ಮಗುವನ್ನು ಕಂಡೊಡನೆ ಸಂದರ್ಭಕ್ಕೆ ಮೀರಿ ಬೊಗಳುವ, ಗುರುಗುಟ್ಟುವ, ಎಗರುವ ಸ್ವಭಾವವನ್ನು ಇಲ್ಲಿ ಸಿಡುಕು ಎನ್ನಬಹುದು. ಇದು ಕ್ರೌರ್ಯವಲ್ಲ. ಬಹುತೇಕ ಸಂದರ್ಭಗಳಲ್ಲಿ ಇದರ ಬೇರು ಭಯ. ಕೆಲವೊಮ್ಮೆ ಭಯದ ಬದಲು ಆಶಾಭಂಗ: ಇನ್ನೊಂದು ನಾಯಿಯೊಡನೆ ಆಡಬೇಕೆಂಬ ತವಕ ಹಗ್ಗದಿಂದಾಗಿ ಈಡೇರದೆ ಕೂಗಾಟವಾಗಿ ಹೊರಬರುತ್ತದೆ.

ಈ ಸ್ವಭಾವದ ಮೂಲ ಮರಿತನದಲ್ಲಿರಬಹುದು. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ದೀರ್ಘಕಾಲ ನಡೆಸಿದ ಸಂಶೋಧನೆಯನ್ನು ೧೯೬೫ರಲ್ಲಿ ಪ್ರಕಟಿಸಿ, ಮರಿಯ ಜೀವನದಲ್ಲಿ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯು ನಿರ್ಣಾಯಕವೆಂದು ತೋರಿಸಿದರು. ಆ ಅವಧಿಯಲ್ಲಿ ಮರಿಯು ಯಾವುದನ್ನು ಹಿತವಾಗಿ ಕಂಡು ಕೇಳುತ್ತದೆಯೋ ಅದನ್ನು ಮುಂದೆ ಸಹಜವೆಂದು ಒಪ್ಪುತ್ತದೆ, ಕಾಣದಿದ್ದುದಕ್ಕೆ ಅಂಜುತ್ತದೆ. ತಾಯಿಯಿಂದ ಬೇಗನೆ ಬೇರ್ಪಡಿಸಿದ ಮರಿಗಳು ಈ ಪಾಠದಿಂದ ವಂಚಿತವಾಗುತ್ತವೆ. ಭಾರತದಲ್ಲಿ ೨೦೧೭ರ ನಿಯಮಗಳು ಎಂಟು ವಾರ ತುಂಬದ ಮರಿಗಳ ಮಾರಾಟವನ್ನು ನಿಷೇಧಿಸಿರುವುದು ಈ ದೃಷ್ಟಿಯಿಂದಲೂ ಅರ್ಥಪೂರ್ಣವಾಗಿದೆ.

ಇನ್ನೊಂದು ಕಾರಣವನ್ನು ಮನೆಯವರು ಸಾಮಾನ್ಯವಾಗಿ ಮರೆಯುತ್ತಾರೆ, ಅದು ನೋವು. ಕಿವಿಯ ಸೋಂಕು, ಹಲ್ಲಿನ ಹುಣ್ಣು, ಸೊಂಟದ ಕೀಲಿನ ಬಾಧೆ, ಚರ್ಮದ ತುರಿಕೆ ಇವು ನಾಯಿಯ ಸಹನೆಯನ್ನು ಕುಗ್ಗಿಸುತ್ತವೆ. ಶಾಂತವಾಗಿದ್ದ ನಾಯಿ ಹಠಾತ್ತನೆ ಸಿಡುಕತೊಡಗಿದರೆ ಮೊದಲು ಹೋಗಬೇಕಾದುದು ಪಶುವೈದ್ಯರಲ್ಲಿಗೆ, ತರಬೇತುದಾರರಲ್ಲಿಗಲ್ಲ.

ಬೊಗಳುವ ಮುನ್ನ ಆಡುವ ಮಾತು

‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಂಬಿ ಕಚ್ಚಿಸಿಕೊಂಡವರು ಹಲವರು. ಬೊಗಳುವ ನಾಯಿಯೂ ಕಚ್ಚಬಲ್ಲದು. ಆದರೆ ಕಚ್ಚುವ ಮೊದಲು, ಬೊಗಳುವುದಕ್ಕೂ ಮೊದಲು, ಅದು ಮೈಯಿಂದಲೇ ಅನೇಕ ಮಾತುಗಳನ್ನು ಆಡಿರುತ್ತದೆ. ನಿದ್ದೆಯಿಲ್ಲದಿದ್ದರೂ ಆಕಳಿಸುವುದು, ತಿಂಡಿಯಿಲ್ಲದಿದ್ದರೂ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಕಿವಿಗಳನ್ನು ಹಿಂದಕ್ಕೆ ಒತ್ತುವುದು ಇವು ಕಳವಳದ ಚಿಹ್ನೆಗಳು. ಮೈ ಮರಗಟ್ಟಿ, ಬಾಯಿ ಮುಚ್ಚಿ, ದೃಷ್ಟಿಯನ್ನು ಒಂದೇ ಕಡೆ ನೆಟ್ಟು ನಿಂತರೆ ಸ್ಫೋಟ ಸಮೀಪಿಸಿದೆಯೆಂದೇ ತಿಳಿಯಬೇಕು. ಬಾಲ ಆಡಿಸುವುದೆಲ್ಲ ಸಂತೋಷದ ಗುರುತಲ್ಲ. ಮೇಲೆತ್ತಿದ ಬಾಲ ಬಿಗಿಯಾಗಿ ಸಣ್ಣಗೆ ಅದುರುತ್ತಿದ್ದರೆ ಅದು ಉದ್ವೇಗ.

ಪ್ರತಿಯೊಂದು ನಾಯಿಗೂ ಒಂದು ಸಹನೆಯ ಗಡಿಯಿರುತ್ತದೆ. ಇನ್ನೊಂದು ನಾಯಿ ನಲವತ್ತು ಅಡಿ ದೂರದಲ್ಲಿದ್ದರೆ ಸುಮ್ಮನೆ ನೋಡುವ ನಾಯಿಯು ಇಪ್ಪತ್ತು ಅಡಿಗೆ ಬಂದರೆ ಎಗರಬಹುದು. ಈ ಗಡಿಯ ಒಳಗೆ ನಾಯಿಯ ತಲೆಗೆ ಪಾಠ ಹತ್ತುವುದಿಲ್ಲ. ಗಡಿಯ ಹೊರಗೆ ಮಾತ್ರ ಅದು ಕಲಿಯಬಲ್ಲದು. ಗಡಿಯು ದಿನದಿಂದ ದಿನಕ್ಕೆ ಬದಲಾಗುತ್ತದೆಂಬುದನ್ನೂ ನೆನಪಿಡಬೇಕು. ಬೆಳಿಗ್ಗೆ ಪಟಾಕಿಯ ಸದ್ದು, ಮಧ್ಯಾಹ್ನ ಕರೆಗಂಟೆ, ಸಂಜೆ ಬೀದಿನಾಯಿಗಳ ಮುತ್ತಿಗೆ, ಹೀಗೆ ಒಂದರ ಮೇಲೊಂದು ಕಳವಳ ಪೇರಿಕೊಂಡ ದಿನ ಸಣ್ಣ ಕಾರಣಕ್ಕೂ ನಾಯಿ ಸಿಡಿಯುತ್ತದೆ. ದಿನವಿಡೀ ಕಚೇರಿ ಕೆಲಸ ಮಾಡಿ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಕಲ್ಯಾಣಕ್ಕೆ ಮರಳಿದವರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ಪೆಟ್ಟು ಪಾಠವಲ್ಲ

ಬೊಗಳಿದೊಡನೆ ಹಗ್ಗವನ್ನು ಜಗ್ಗುವುದು, ಗದರಿಸುವುದು, ಹೊಡೆಯುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ‘ಯಜಮಾನ ಯಾರೆಂದು ತೋರಿಸಬೇಕು’ ಎಂಬ ಮಾತು ಇದರ ಹಿಂದಿದೆ. ಈ ಭಾವನೆಗೆ ಮೂಲವಾದದ್ದು ಸೆರೆಯಲ್ಲಿಟ್ಟ ತೋಳಗಳ ಬಗ್ಗೆ ರುಡಾಲ್ಫ್ ಶೆಂಕೆಲ್ ೧೯೪೭ರಲ್ಲಿ ಪ್ರಕಟಿಸಿದ ಅಧ್ಯಯನ. ಅದನ್ನು ತನ್ನ ಪುಸ್ತಕದ ಮೂಲಕ ಪ್ರಚುರಗೊಳಿಸಿದ ಡೇವಿಡ್ ಮೆಕ್ ಎಂಬ ವಿಜ್ಞಾನಿಯೇ, ಸ್ವತಂತ್ರವಾಗಿ ಬಾಳುವ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಬಳಿಕ, ತೋಳಗಳ ಗುಂಪೆಂಬುದು ತಂದೆತಾಯಿ ಮಕ್ಕಳ ಸಂಸಾರವೇ ಹೊರತು ಅಧಿಕಾರದ ಹೊಡೆದಾಟವಲ್ಲವೆಂದು ೧೯೯೯ರಲ್ಲಿ ತಿದ್ದಿ ಬರೆದನು.

ಪೆಟ್ಟಿನ ದೋಷವನ್ನು ನಾಯಿಯ ದೃಷ್ಟಿಯಿಂದ ಕಾಣಬೇಕು. ಎದುರಿಗೆ ಇನ್ನೊಂದು ನಾಯಿ ಕಂಡಾಗಲೆಲ್ಲ ಕೊರಳು ಬಿಗಿದು ನೋವಾಗುವುದಾದರೆ, ‘ಇತರ ನಾಯಿಗಳು ಬಂದರೆ ಕೇಡು’ ಎಂಬ ಭಯವೇ ದೃಢವಾಗುತ್ತದೆ. ಗುರುಗುಟ್ಟಿದ್ದಕ್ಕೆ ಶಿಕ್ಷಿಸಿದರೆ ಗುರುಗುಟ್ಟುವುದು ನಿಲ್ಲಬಹುದು, ಒಳಗಿನ ಭಯ ನಿಲ್ಲದು. ಎಚ್ಚರಿಕೆ ಕೊಡದೆ ಕಚ್ಚುವ ನಾಯಿ ಹೀಗೆ ತಯಾರಾಗುತ್ತದೆ. ಅಮೆರಿಕದ ಪ್ರಾಣಿವರ್ತನಾ ಪಶುವೈದ್ಯರ ಸಂಘವು ೨೦೨೧ರಲ್ಲಿ, ಎಲ್ಲ ಬಗೆಯ ತರಬೇತಿಗೂ ಬಹುಮಾನದ ಕ್ರಮವನ್ನೇ ಬಳಸಬೇಕೆಂದು ಸ್ಪಷ್ಟವಾಗಿ ಸೂಚಿಸಿದೆ.

ಪಾಠದ ಕ್ರಮ

ಜೀರ್ಣಕ್ರಿಯೆಯ ಕುರಿತ ಕೆಲಸಕ್ಕಾಗಿ ೧೯೦೪ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಇವಾನ್ ಪಾವ್ಲೋವ್, ಆಹಾರದ ಮುನ್ಸೂಚನೆ ದೊರೆತೊಡನೆಯೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದನ್ನು ಕಂಡು, ಎರಡು ಸಂಗತಿಗಳು ಮತ್ತೆ ಮತ್ತೆ ಒಟ್ಟಿಗೆ ಬಂದರೆ ದೇಹವು ಅವನ್ನು ಗಂಟುಹಾಕಿಕೊಳ್ಳುತ್ತದೆಂದು ತೋರಿಸಿದನು. ಸಿಡುಕು ನಾಯಿಯ ಶಿಕ್ಷಣವು ಇದೇ ತತ್ತ್ವದ ಮೇಲೆ ನಿಂತಿದೆ. ಭಯಹುಟ್ಟಿಸುವ ವಸ್ತು ಕಂಡಾಗಲೆಲ್ಲ ರುಚಿಯಾದ ತುತ್ತು ಬರುವಂತಾದರೆ, ಕ್ರಮೇಣ ಆ ವಸ್ತುವೇ ಹಿತದ ಮುನ್ಸೂಚನೆಯಾಗುತ್ತದೆ.

ಮೊದಲನೆಯ ಮೆಟ್ಟಿಲು ಮನೆಯೊಳಗೆ. ನಾಯಿಯ ಹೆಸರು ಹಿಡಿದು ಕರೆದಾಗ ಅದು ಮುಖ ನೋಡಿದರೆ ತಕ್ಷಣ ಒಂದು ತುತ್ತು. ತುತ್ತು ಕಡಲೆಕಾಳಿನಷ್ಟಿದ್ದರೆ ಸಾಕು: ಬೇಯಿಸಿದ ಕೋಳಿಮಾಂಸ, ಸಸ್ಯಾಹಾರಿಗಳ ಮನೆಯಲ್ಲಿ ಪನೀರ್ ಅಥವಾ ಬೇಯಿಸಿದ ಕ್ಯಾರೆಟ್. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷಕಾರಿ. ಇವನ್ನು ಎಂದಿಗೂ ಕೊಡಕೂಡದು. ಬಳಿಕ ಎರಡು ಉಪಾಯಗಳನ್ನು ಕಲಿಸಬೇಕು. ಒಂದು, ಒಂದು ಮಾತಿಗೆ ಹಿಂದಕ್ಕೆ ತಿರುಗಿ ಜೊತೆಯಲ್ಲಿ ನಡೆಯುವುದು. ಇನ್ನೊಂದು, ನೆಲದ ಮೇಲೆ ಚೆಲ್ಲಿದ ತುತ್ತುಗಳನ್ನು ಮೂಸಿ ಹುಡುಕುವುದು. ಮೂಸುವ ಕ್ರಿಯೆಯೇ ನಾಯಿಯ ಮನಸ್ಸನ್ನು ಶಮನಗೊಳಿಸುತ್ತದೆ.

ಎರಡನೆಯ ಮೆಟ್ಟಿಲು ಹೊರಗೆ, ಆದರೆ ದೂರದಲ್ಲಿ. ಇನ್ನೊಂದು ನಾಯಿ ಕಾಣಬೇಕು, ಆದರೆ ಸಹನೆಯ ಗಡಿಯಿಂದಾಚೆ ಇರಬೇಕು. ನಾಯಿಯು ಅದನ್ನು ಕಂಡೊಡನೆ ತುತ್ತು. ಕಣ್ಮರೆಯಾದೊಡನೆ ತುತ್ತು ನಿಲ್ಲಬೇಕು. ಕ್ರಮ ಮುಖ್ಯ: ಮೊದಲು ನೋಟ, ಆಮೇಲೆ ತುತ್ತು. ಮೊದಲೇ ತಿಂಡಿ ತೋರಿಸಿದರೆ ನಾಯಿ ತಿಂಡಿಯನ್ನೇ ಅನುಮಾನಿಸತೊಡಗುತ್ತದೆ. ಐದರಿಂದ ಹತ್ತು ನಿಮಿಷ ಸಾಕು. ಕೆಲವು ದಿನಗಳ ನಂತರ, ಇನ್ನೊಂದು ನಾಯಿಯನ್ನು ಕಂಡೊಡನೆ ತಾನಾಗಿಯೇ ತಿರುಗಿ ಸಾಕಿದವರ ಮುಖ ನೋಡುವ ಗಳಿಗೆ ಬರುತ್ತದೆ. ಪಾಠ ಹತ್ತಿತೆಂಬುದಕ್ಕೆ ಇದೇ ಗುರುತು.

ಮೂರನೆಯ ಮೆಟ್ಟಿಲು ಅಂತರವನ್ನು ಸ್ವಲ್ಪ ಸ್ವಲ್ಪವೇ ಇಳಿಸುವುದು. ನಲವತ್ತು ಅಡಿಯಲ್ಲಿ ಹಲವು ಸಲ ಶಾಂತವಾಗಿದ್ದರೆ ಮೂವತ್ತೈದಕ್ಕೆ ಬರಬಹುದು. ಎಗರಿದರೆ ಸೋಲೆಂದು ಭಾವಿಸದೆ ಮತ್ತೆ ಹಿಂದಕ್ಕೆ ಸರಿಯಬೇಕು. ವಾರಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಫಲ ಕಾಣುವ ಕೆಲಸವಿದು. ಮನೆಯ ಎಲ್ಲರೂ ಒಂದೇ ಕ್ರಮವನ್ನು ಪಾಲಿಸಬೇಕು. ತಾಯಿ ತುತ್ತು ಕೊಟ್ಟು ಕಲಿಸಿದುದನ್ನು ಮಗ ಹಗ್ಗ ಜಗ್ಗಿ ಕೆಡಿಸಬಾರದು.

ಸಲಕರಣೆಯ ವಿಷಯದಲ್ಲಿ, ಕೊರಳನ್ನು ಹಿಸುಕುವ ಸರಪಳಿ, ಮುಳ್ಳುಪಟ್ಟಿಗಳು ಬೇಡ. ಎದೆಯ ಮುಂದೆ ಬಳೆಯಿರುವ ಹಾರ್ನೆಸ್ ಪಟ್ಟಿ ಮತ್ತು ಆರಡಿ ಉದ್ದದ ಗಟ್ಟಿ ಹಗ್ಗ ಉತ್ತಮ. ಕಚ್ಚುವ ಸಂಭವವಿದ್ದರೆ ಬುಟ್ಟಿಯಾಕಾರದ ಬಾಯಿಕುಕ್ಕೆಯನ್ನು ರೂಢಿಮಾಡಿಸಬೇಕು. ಇದರೊಳಗೆ ನಾಯಿಯು ಬಾಯಿ ತೆರೆದು ತೇಗಬಲ್ಲದು, ನೀರು ಕುಡಿಯಬಲ್ಲದು. ಕುಕ್ಕೆಯೊಳಗೆ ತಿಂಡಿಯಿಟ್ಟು, ತಾನಾಗಿ ಮೂತಿ ತೂರಿಸುವಂತೆ ದಿನದಿನವೂ ಅಭ್ಯಾಸ ಮಾಡಿಸಿದರೆ ಅದು ಶಿಕ್ಷೆಯೆನಿಸದು. ಇಷ್ಟಾದರೂ ಭಯ ತಗ್ಗದ ನಾಯಿಗಳಿಗೆ ಪಶುವೈದ್ಯರು ಕಳವಳ ಇಳಿಸುವ ಔಷಧಿಯನ್ನು ಕೊಡುವುದುಂಟು. ಅದರ ಜೊತೆಗೆ ಪಾಠವೂ ನಡೆಯಬೇಕು. ಮನುಷ್ಯರ ಮಾತ್ರೆಗಳನ್ನು ಸ್ವಂತ ತೀರ್ಮಾನದಿಂದ ಕೊಡುವುದು ಅಪಾಯಕರ.

ಸ್ಥಳ ಮತ್ತು ಸಮಯ

ಈ ಭಾಗದಲ್ಲಿ ಪಾಠಕ್ಕೆ ತಕ್ಕ ಸ್ಥಳವನ್ನು ವಿವೇಚನೆಯಿಂದ ಆರಿಸಬೇಕು. ಠಾಣೆಯ ತಲಾವ್‌ಪಾಳಿಯ ಸಂಜೆಯ ಜನಜಂಗುಳಿ, ದೀಪಾವಳಿಯ ಬೆಳಗಿನ ಡೊಂಬಿವಲಿಯ ಫಡಕೆ ರಸ್ತೆ ಸಿಡುಕು ನಾಯಿಗೆ ಪರೀಕ್ಷಾಮಂದಿರಗಳೇ ಹೊರತು ಪಾಠಶಾಲೆಗಳಲ್ಲ. ಬೆಳಗಿನ ಐದೂವರೆಯ ಅಗಲವಾದ ಒಳರಸ್ತೆ, ರಜಾದಿನದ ನಿರ್ಜನ ಬಯಲು, ಎರಡೂ ಕಡೆ ತಿರುಗಿ ಹೋಗಲು ದಾರಿಯಿರುವ ತಾಣ ಲೇಸು. ಯೇವೂರಿನ ಬೆಟ್ಟದ ತಪ್ಪಲು ಶಾಂತವಾಗಿ ಕಂಡರೂ ಅದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಚಿರತೆಗಳ ನಾಡು. ಅಲ್ಲಿಗೆ ನಾಯಿಯನ್ನು ಒಯ್ಯಬಾರದು. ನೆರೂಳಿನ ಜೌಗುನೆಲಗಳಲ್ಲಿ ರಾಜಹಂಸಗಳು ಬಂದಿಳಿಯುವ ಕಾಲದಲ್ಲಿ ನಾಯಿಯ ಹಗ್ಗವನ್ನು ಬಿಡಕೂಡದು.

ಏಪ್ರಿಲ್-ಮೇ ತಿಂಗಳುಗಳಲ್ಲಿ ಡಾಂಬರು ರಸ್ತೆಯ ಮೇಲೆ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಮಳೆಗಾಲದಲ್ಲಿ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ರೋಗ ನಾಯಿಗೂ ಮನುಷ್ಯನಿಗೂ ತಗಲುತ್ತದೆ. ನಾಯಿಗೆ ಅದರ ಲಸಿಕೆಯುಂಟು. ಸುರಿಯುವ ಮಳೆಯ ದಿನ ಹೊರಗೆ ಹೋಗಲಾಗದಿದ್ದರೆ ಹಳೆಯ ಟವೆಲಿನಲ್ಲಿ ತಿಂಡಿ ಸುತ್ತಿಟ್ಟು ಹುಡುಕಿಸುವ ಆಟದಿಂದಲೂ ನಾಯಿಯ ಚಡಪಡಿಕೆ ಇಳಿಯುತ್ತದೆ.

ಕಟ್ಟಡದೊಳಗೆ ಕೆಲವು ಶಿಸ್ತುಗಳು ಅವಶ್ಯಕ. ಲಿಫ್ಟಿನಲ್ಲಿ ಜನರಿದ್ದರೆ ಬಾಗಿಲಿನಿಂದ ದೂರ ನಿಂತು ಮುಂದಿನ ಸರದಿಗೆ ಕಾಯಬೇಕು. ಒಳಗೆ ನಾಯಿಯನ್ನು ಮೂಲೆಗೆ ನಿಲ್ಲಿಸಿ ಸಾಕಿದವರು ಬಾಗಿಲಿನ ಕಡೆ ನಿಲ್ಲಬೇಕು. ವಾಚ್‌ಮನ್‌ಗೂ ನೆರೆಯವರಿಗೂ, ‘ಇದು ಕಲಿಯುತ್ತಿರುವ ನಾಯಿ, ದಯವಿಟ್ಟು ಮುಟ್ಟಬೇಡಿ’ ಎಂದು ಮುಂಚಿತವಾಗಿ ತಿಳಿಸುವುದರಿಂದ ಅರ್ಧ ಜಗಳ ಕಡಿಮೆಯಾಗುತ್ತದೆ.

ನಾಯಿಗಳ ಉದ್ಯಾನ

ನಾಯಿಗಳಿಗೆಂದೇ ಬೇಲಿ ಹಾಕಿದ ಉದ್ಯಾನಗಳು ಭಾರತದಲ್ಲಿ ಇತ್ತೀಚಿನವು. ಹೈದರಾಬಾದಿನ ಕೊಂಡಾಪುರದಲ್ಲಿ ಅಲ್ಲಿಯ ಮಹಾನಗರಪಾಲಿಕೆಯು ೨೦೧೮ರಲ್ಲಿ ಅಂಥದೊಂದನ್ನು ತೆರೆಯಿತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ೨೦೨೨ರಲ್ಲಿ ಸಾಕುನಾಯಿಗಳ ಪ್ರವೇಶವನ್ನೇ ನಿಲ್ಲಿಸುವ ಪ್ರಸ್ತಾಪ ಎದ್ದು, ವಿರೋಧದ ಬಳಿಕ ಹಿಂದೆ ಸರಿಯಿತು. ಹಗ್ಗ ಬಿಚ್ಚಿ ಬಿಡುವವರು ಮತ್ತು ಮಲವನ್ನು ಎತ್ತದವರು ಕೆಲವರೇ ಆದರೂ, ಅವರಿಂದ ಎಲ್ಲರ ಬಾಗಿಲು ಮುಚ್ಚುವಂತಾಗಬಹುದೆಂಬುದಕ್ಕೆ ಇದು ನಿದರ್ಶನ.

ಸಿಡುಕು ನಾಯಿಯನ್ನು ‘ಅಭ್ಯಾಸವಾಗಲಿ’ ಎಂದು ನೇರವಾಗಿ ಇಂಥ ಉದ್ಯಾನದೊಳಗೆ ಬಿಡುವುದು ಈಜು ಬಾರದವನನ್ನು ಬಾವಿಗೆ ತಳ್ಳಿದಂತೆ. ಮೊದಲ ಕೆಲವು ವಾರ ಬೇಲಿಯ ಹೊರಗೆ ದೂರದಲ್ಲಿ ನಿಂತು, ಒಳಗಿನ ಆಟವನ್ನು ಶಾಂತವಾಗಿ ನೋಡುವುದೇ ಪಾಠ. ನಂತರ ಒಂದೇ ಒಂದು ಸೌಮ್ಯ ನಾಯಿಯೊಡನೆ, ಬಯಲಿನಲ್ಲಿ, ಅಂತರವಿಟ್ಟು ಸಮಾನಾಂತರವಾಗಿ ನಡೆಯುವ ಅಭ್ಯಾಸವಾಗಬೇಕು. ಅದು ಸರಾಗವಾದ ಮೇಲೆ, ಜನ ಕಡಿಮೆಯಿರುವ ಹೊತ್ತು ನೋಡಿ ಹತ್ತು ನಿಮಿಷ ಒಳಗೆ ಹೋಗಬಹುದು. ಗೇಟಿನ ಬಳಿ ನಾಯಿಗಳು ಗುಂಪುಗೂಡುವುದರಿಂದ ಜಗಳ ಹತ್ತುವುದು ಹೆಚ್ಚಾಗಿ ಅಲ್ಲಿಯೇ. ಗುಂಪು ಚದುರುವವರೆಗೆ ಕಾಯಬೇಕು. ಚೆಂಡು, ಮೂಳೆ, ತಿಂಡಿಗಳನ್ನು ನಾಯಿಗಳ ನಡುವೆ ತರಬಾರದು. ಸಾಕಿದವರು ಬೆಂಚಿನ ಮೇಲೆ ಕುಳಿತು ಫೋನು ನೋಡದೆ ನಡೆಯುತ್ತಿರಬೇಕು. ಆಟ ಬಿಸಿಯೇರುವ ಮೊದಲೇ ಕರೆದುಕೊಂಡು ಹೊರಬರಬೇಕು.

ಎಲ್ಲ ನಾಯಿಗಳೂ ಉದ್ಯಾನದಲ್ಲಿ ಆಡಲೇಬೇಕೆಂಬ ನಿಯಮವಿಲ್ಲ. ಜಾತ್ರೆಯನ್ನು ಇಷ್ಟಪಡದ ಮನುಷ್ಯರಿರುವಂತೆ ಗುಂಪನ್ನು ಇಷ್ಟಪಡದ ನಾಯಿಗಳೂ ಇವೆ. ಇನ್ನೊಂದು ನಾಯಿಯನ್ನು ಕಂಡು ಸುಮ್ಮನೆ ಹಾದುಹೋಗುವಷ್ಟಾದರೆ ಪಾಠ ಫಲಿಸಿತೆಂದೇ ಅರ್ಥ.

ಆರೋಗ್ಯ ಮತ್ತು ಕಾನೂನು

ರೇಬೀಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಕೊಡಿಸಿ, ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ಮುಂದುವರಿಸಬೇಕು. ಯಾವುದೇ ನಾಯಿ ಕಚ್ಚಿದರೂ ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಹಚ್ಚಬಾರದು. ಅದೇ ದಿನ ವೈದ್ಯರನ್ನು ಕಾಣಬೇಕು. ಚರ್ಮದೊಳಗೆ ಕೊಡುವ ಲಸಿಕೆಯು ಮೊದಲ ದಿನ ಮತ್ತು ಅಲ್ಲಿಂದ ೩, ೭, ೨೮ನೆಯ ದಿನಗಳಲ್ಲಿ ಪೂರ್ಣವಾಗಬೇಕು. ರಕ್ತ ಬರುವ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರ ಅಪರೂಪ. ಪರಚಿದುದನ್ನು ಬಚ್ಚಿಡಬಾರದೆಂದು ಮಕ್ಕಳಿಗೆ ತಿಳಿಹೇಳಬೇಕು.

ಭಾರತೀಯ ಪ್ರಾಣಿಕಲ್ಯಾಣ ಮಂಡಳಿಯ ೨೦೧೫ರ ಮಾರ್ಗಸೂಚಿಯಂತೆ, ಸೊಸೈಟಿಯು ಬಹುಮತದಿಂದಲೂ ಸಾಕುನಾಯಿಗಳನ್ನು ನಿಷೇಧಿಸಲಾಗದು. ಹಾಗೆಂದು ಸಾಕಿದವರಿಗೆ ಹೊಣೆಯಿಲ್ಲವೆಂದಲ್ಲ. ಭಾರತೀಯ ನ್ಯಾಯ ಸಂಹಿತೆಯ ೨೯೧ನೆಯ ಕಲಮಿನ ಪ್ರಕಾರ, ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರವಹಿಸದಿರುವುದು ಅಪರಾಧ. ಆರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಾಕಿದ ನಾಯಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆದುಬಿಡುವುದು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಕಾನೂನಿನ ಮಾತು ಹಾಗಿರಲಿ, ಮನೆಯ ಅನ್ನ ಉಂಡು ಬೆಳೆದ ನಾಯಿಯನ್ನು ದೂರದ ಬೀದಿಯಲ್ಲಿ ಬಿಟ್ಟರೆ ಅಲ್ಲಿಯ ನಾಯಿಗಳು ಅದನ್ನು ಸೇರಿಸಿಕೊಳ್ಳುವುದಿಲ್ಲ.

ಲಿಫ್ಟಿನ ಬಾಗಿಲಿನಲ್ಲಿ ಬೆದರಿದ ವೃದ್ಧೆಯ ಭಯವೂ ನಿಜ, ಹಗ್ಗದ ಕೊನೆಯಲ್ಲಿದ್ದ ನಾಯಿಯ ಭಯವೂ ನಿಜ. ಎರಡನ್ನೂ ಒಟ್ಟಿಗೆ ಇಳಿಸುವ ಕೆಲಸ ಹಗ್ಗ ಹಿಡಿದವರ ಕೈಯಲ್ಲಿದೆ. ನಾಯಿಯ ಬಾಲದ ಡೊಂಕನ್ನು ಯಾರೂ ನೇರಮಾಡಬೇಕಾಗಿಲ್ಲ. ಪ್ರತಿದಿನ ಹತ್ತು ನಿಮಿಷ, ಕಿಸೆಯಲ್ಲಿ ಹಿಡಿಯಷ್ಟು ತುತ್ತುಗಳು, ಎದುರು ಬಂದವರಿಗೆ ಬಿಟ್ಟುಕೊಡುವ ನಾಲ್ಕು ಹೆಜ್ಜೆ ದಾರಿ, ಇಷ್ಟರಿಂದ ಅದರ ಮನಸ್ಸಿನ ಡೊಂಕು ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಆಗ ಊರಿಗೆ ಕಳುಹಿಸುವ ಮಾತು ಆ ಮನೆಯಲ್ಲಿ ಮತ್ತೆ ಏಳದು.